ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ: ಭಯ ಎಲ್ಲಿಂದ ಬಂತು, ಯಾರಿಗೆ ಇದು ಬೇಕು

[ದೃಶ್ಯ: ದಾವಣಗೆರೆಯ ಮಂಡಕ್ಕಿ ಭಟ್ಟಿ. ಹೊಗೆ, ಕಾದ ಮರಳು, ಜರಡಿ ಹಿಡಿದ ಕೈಗಳು.]

ನಿರೂಪಣೆ:
ಮಂಡಕ್ಕಿ ಭಟ್ಟಿಯ ಒಲೆಯ ಮುಂದೆ ಇಪ್ಪತ್ತು ವರ್ಷ ದುಡಿದ ಹೆಣ್ಣುಮಗಳಿಗೆ ಸೆಕೆ ಹೊಸದೇನಲ್ಲ. ಆದರೆ ಕೆಲಸ ಮುಗಿಸಿ ಮನೆಗೆ ಬಂದು ಮಲಗಿದವಳು, ಮಾಗಿಯ ಚಳಿಯಲ್ಲಿ, ರಾತ್ರಿ ಎರಡು ಗಂಟೆಗೆ ರವಿಕೆ ತೊಯ್ದು ಹೋಗುವಷ್ಟು ಬೆವೆತು ಎದ್ದು ಕೂತರೆ ಅದಕ್ಕೆ ಒಲೆಯನ್ನು ದೂರುವಂತಿಲ್ಲ. ನಮ್ಮ ಕಡೆ ಇದಕ್ಕೆ ಸಿದ್ಧ ಉತ್ತರವೊಂದಿದೆ: "ಉಷ್ಣ ಆಗೈತಿ, ಮಜ್ಜಿಗಿ ಕುಡಿ." ಮಜ್ಜಿಗೆಯಿಂದ ನಷ್ಟವೇನೂ ಇಲ್ಲ, ಆದರೆ ಈ ಬಿಸಿ ಹುಟ್ಟುವುದು ಹೊಟ್ಟೆಯಲ್ಲಿ ಅಲ್ಲ, ಮಿದುಳಿನಲ್ಲಿ.

ಮಿದುಳಿನ ಹೈಪೋಥಲಾಮಸ್ ಎಂಬ ಭಾಗವು ಮೈಯ ಉಷ್ಣತೆಯನ್ನು ಒಂದು ಮಿತಿಯೊಳಗೆ ಕಾಯ್ದುಕೊಳ್ಳುತ್ತದೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನ್ ಕಡಿಮೆಯಾದಾಗ ಆ ಮಿತಿ ತೀರಾ ಕಿರಿದಾಗಿ, ಮೊದಲು ಗಮನಕ್ಕೂ ಬಾರದಿದ್ದ ಅಷ್ಟಿಷ್ಟು ಏರಿಕೆಯನ್ನೇ ದೇಹವು ಅಪಾಯವೆಂದು ಎಣಿಸಿ ಚರ್ಮಕ್ಕೆ ರಕ್ತ ನುಗ್ಗಿಸುತ್ತದೆ, ಬೆವರು ಹರಿಸುತ್ತದೆ. ಒಂದೆರಡು ನಿಮಿಷ ಮುಖ, ಕುತ್ತಿಗೆ ಕಾದು, ಆಮೇಲೆ ಮೈ ತಣ್ಣಗಾಗಿ ನಡುಗುವುದು ಇದೇ ಕಾರಣಕ್ಕೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರು ಹೇಳುತ್ತಾರೆ. ಭಾರತದಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲೇ ಬರುತ್ತದೆ. ಈ ಬಿಸಿ ಆರು ತಿಂಗಳಲ್ಲಿ ತಾನಾಗಿ ಹೋಗುತ್ತದೆಂಬ ಸಮಾಧಾನದ ಮಾತನ್ನು ಎಲ್ಲರೂ ಹೇಳುತ್ತಾರೆ. ಎಷ್ಟೋ ಮಂದಿಯಲ್ಲಿ ಅದು ಏಳು ವರ್ಷ ದಾಟುತ್ತದೆ.

[ದೃಶ್ಯ: ಮೇಜಿನ ಮೇಲೆ ಮಾತ್ರೆಯ ಪಟ್ಟಿ, ಜೆಲ್ ಟ್ಯೂಬ್, ಚರ್ಮಕ್ಕೆ ಅಂಟಿಸುವ ಪ್ಯಾಚ್.]

ನಿರೂಪಣೆ:
ಹಾರ್ಮೋನ್ ಚಿಕಿತ್ಸೆ ಎಂದರೆ ಕಡಿಮೆಯಾದ ಈಸ್ಟ್ರೋಜನ್ನನ್ನು ಸಣ್ಣ ಪ್ರಮಾಣದಲ್ಲಿ ಹೊರಗಿನಿಂದ ಕೊಡುವುದು. ಮೈ ಬಿಸಿಯಾಗುವುದಕ್ಕೆ ಇದರಷ್ಟು ಪರಿಣಾಮಕಾರಿಯಾದ ಔಷಧ ಇನ್ನೊಂದಿಲ್ಲ, ಇದು ಮೂಳೆ ಸವೆತವನ್ನೂ ತಡೆಯುತ್ತದೆ. ದುಗ್ಗಮ್ಮನ ಜಾತ್ರೆ ಬಂತೆಂದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ಮುಟ್ಟು ಮುಂದೂಡುವ ಮಾತ್ರೆಯೇ ಬೇರೆ, ಇದೇ ಬೇರೆ. ಅದನ್ನು ನುಂಗಿದಾಗ ಆದ ತೊಂದರೆಯ ನೆನಪಿನಿಂದ "ಹಾರ್ಮೋನು ನಮಗೆ ಆಗಿಬರೋದಿಲ್ಲ" ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ.

ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ. ಅದು ಗರ್ಭಕೋಶದ ಒಳಪದರವನ್ನು ದಪ್ಪವಾಗಿಸುತ್ತಾ ಹೋಗಿ ಕ್ಯಾನ್ಸರಿಗೆ ದಾರಿ ಮಾಡಬಹುದೆಂಬುದು 1975ರಲ್ಲೇ ಅಮೆರಿಕದ ಅಧ್ಯಯನಗಳಿಂದ ಬೆಳಕಿಗೆ ಬಂತು. ಆ ಪದರವನ್ನು ಹದ್ದಿನಲ್ಲಿಡಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಜೊತೆಗೆ ಬೇಕು. ಇದರಲ್ಲಿ ಒಂದು ಬಗೆ ನಿದ್ದೆ ತರಿಸುವುದರಿಂದ ರಾತ್ರಿ ಮಲಗುವಾಗ ಕೊಡುತ್ತಾರೆ, ನಿದ್ದೆಗೆಟ್ಟವರಿಗೆ ಅದೂ ಒಂದು ಲಾಭ. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು.

ಇನ್ನು ಕೆಳಗಿನ ಒಣಗುವಿಕೆ, ಕೂಡುವಾಗಿನ ನೋವು, ಮತ್ತೆ ಮತ್ತೆ ಬರುವ ಉರಿಮೂತ್ರ ಇವಷ್ಟೇ ತೊಂದರೆಯಾದರೆ ಅದೇ ಜಾಗಕ್ಕೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಸಾಕು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಹೇಳಿಕೊಳ್ಳಲು ನಾಚಿ ವರ್ಷಕ್ಕೆ ನಾಲ್ಕು ಸಲ ಆಂಟಿಬಯೋಟಿಕ್ ನುಂಗುವವರು ಇದನ್ನು ಒಮ್ಮೆ ಕೇಳಿ ನೋಡಬೇಕು.

[ದೃಶ್ಯ: ದಾವಣಗೆರೆಯ ಹೈಸ್ಕೂಲ್ ಮೈದಾನ, ಮೇಲಿನಿಂದ.]

ನಿರೂಪಣೆ:
ಈ ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಭಯದ ಮೂಲಕ್ಕೆ ಈಗ ಬರೋಣ. 2002ರ ಜುಲೈನಲ್ಲಿ, ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಗರ್ಭಕೋಶವಿದ್ದ 16,608 ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡೂ ಹಾರ್ಮೋನುಗಳಿದ್ದ ಮಾತ್ರೆಯನ್ನು, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನು ಕೊಟ್ಟಿದ್ದರು. ಔಷಧ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚಿತು ಎಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು, ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು.

ಆ ಶೇ 26ನ್ನು ನಮ್ಮ ಹೈಸ್ಕೂಲ್ ಮೈದಾನಕ್ಕೆ ತಂದು ಎಣಿಸೋಣ. ಹತ್ತು ಸಾವಿರ ಹೆಂಗಸರು ಅಲ್ಲಿ ಕೂತಿದ್ದಾರೆಂದುಕೊಳ್ಳಿ. ಹುಸಿ ಮಾತ್ರೆ ನುಂಗಿದವರಾದರೆ ಅವರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್, ಹಾರ್ಮೋನ್ ನುಂಗಿದವರಾದರೆ 38 ಮಂದಿಗೆ. ಹೆಚ್ಚಾದದ್ದು ಎಂಟು. ಲಕ್ವ ಹೊಡೆದವರೂ ಹೀಗೆಯೇ ಎಂಟು ಹೆಚ್ಚು. ಸೊಂಟದ ಮೂಳೆ ಮುರಿದವರು ಐದು ಕಡಿಮೆ. ಆ ಎಂಟು ಮಂದಿಯಲ್ಲಿ ಒಬ್ಬಳು ನಮ್ಮ ಮನೆಯವಳಾದರೆ ಲೆಕ್ಕವೇ ಬೇರೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಸುದ್ದಿಯಲ್ಲಿ ಮುಚ್ಚಿಹೋದ ಇನ್ನೊಂದು ಸಂಗತಿಯಿತ್ತು: ಆ ಮಹಿಳೆಯರ ಸರಾಸರಿ ವಯಸ್ಸು 63. ಅಂದರೆ ಬಹುಪಾಲು ಮಂದಿಗೆ ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು, ಅವರ ರಕ್ತನಾಳಗಳಿಗೆ ಅಷ್ಟು ವಯಸ್ಸೂ ಆಗಿತ್ತು. 48ರ ಹೆಣ್ಣುಮಗಳ ಬೆವರಿಗೆ ಕೊಡುವ ಔಷಧವನ್ನು 63ರವರ ಫಲಿತಾಂಶದಿಂದ ಅಳೆದದ್ದೇ ಎಡವಟ್ಟಾಯಿತು. ಇದೇ ಅಧ್ಯಯನದಲ್ಲಿ, ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಲಕ್ವ ಹೆಚ್ಚಿತಾದರೂ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ.

ಹಾಗಾಗಿ ಈಗ ವೈದ್ಯರು ಮೊದಲು ನೋಡುವುದು ವಯಸ್ಸು 60ರೊಳಗಿದೆಯೇ, ಮುಟ್ಟು ನಿಂತು ಹತ್ತು ವರ್ಷದೊಳಗಾಗಿದೆಯೇ ಎಂಬುದನ್ನು. ಬಿಪಿ, ಸಕ್ಕರೆ, ಮೈತೂಕ ಜಾಸ್ತಿಯಿದ್ದು ರಕ್ತ ಹೆಪ್ಪುಗಟ್ಟುವ ಅನುಮಾನವಿದ್ದರೆ ಮಾತ್ರೆಗಿಂತ ಜೆಲ್ ಅಥವಾ ಪ್ಯಾಚ್ ವಾಸಿ, ಏಕೆಂದರೆ ಚರ್ಮದ ಮೂಲಕ ಹೋಗುವ ಹಾರ್ಮೋನ್ ನೇರವಾಗಿ ಯಕೃತ್ತಿಗೆ ನುಗ್ಗುವುದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ಹೃದಯಾಘಾತ ಅಥವಾ ಲಕ್ವ ಆದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ತೀವ್ರ ಕಾಯಿಲೆಯಿರುವವರು ಇದರ ಗೊಡವೆಗೆ ಹೋಗಬಾರದು. ಅವರಿಗೆ ಹಾರ್ಮೋನ್ ಅಲ್ಲದ ಬೇರೆ ಮಾತ್ರೆಗಳಿವೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದರ ಕಾರಣ ತಿಳಿಯುವವರೆಗೆ ಹಾರ್ಮೋನ್ ಶುರು ಮಾಡುವಂತಿಲ್ಲ. "ಮತ್ತೆ ಮುಟ್ಟಾಯ್ತು" ಎಂದು ಖುಷಿಪಟ್ಟು ಸುಮ್ಮನಿರುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

[ದೃಶ್ಯ: ತಗಡಿನ ಟ್ರಂಕು. ರೇಷನ್ ಕಾರ್ಡಿನ ಜೊತೆ ಮಡಚಿಟ್ಟ ಹಳದಿಗಟ್ಟಿದ ಕಾಗದ.]

ನಿರೂಪಣೆ:
ಚಿತ್ರದುರ್ಗದ ಕಡೆಯ ನನ್ನ ದೊಡ್ಡಮ್ಮನಿಗೆ 38ನೇ ವಯಸ್ಸಿಗೇ ಗರ್ಭಕೋಶ ತೆಗೆದಿದ್ದರು. "ಗರ್ಭಕೋಶ ತೆಗೆಸೀನಿ" ಎನ್ನುವುದಷ್ಟೇ ಅವರಿಗೆ ಗೊತ್ತಿತ್ತು. ಅಂಡಾಶಯ ಉಳಿದಿದೆಯೋ ಇಲ್ಲವೋ ಎಂದು ಆಸ್ಪತ್ರೆಯವರು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಮೈ ಬಿಸಿ, ನಿದ್ದೆಯಿಲ್ಲ, ಕೀಲುನೋವು ಎಂದು ಹತ್ತು ವರ್ಷ ಒದ್ದಾಡಿದ ಮೇಲೆ ಟ್ರಂಕಿನಿಂದ ಡಿಸ್ಚಾರ್ಜ್ ಚೀಟಿ ಹೊರಬಂತು. ಅದರಲ್ಲಿ 'ಟಿಎಎಚ್' ಎಂಬುದರ ಮುಂದೆ 'ಬಿಎಸ್‌ಒ' ಎಂದು ಬರೆದಿತ್ತು. ಮೊದಲನೆಯದು ಗರ್ಭಕೋಶ ತೆಗೆದದ್ದು, ಎರಡನೆಯದು ಎರಡೂ ಅಂಡಾಶಯಗಳನ್ನು ತೆಗೆದದ್ದು. ಎರಡನೆಯದೂ ಆಗಿದ್ದರೆ ಋತುಬಂಧವು ಆಪರೇಷನ್ ದಿನವೇ, ಒಂದೇ ಏಟಿಗೆ ಬಂದಿರುತ್ತದೆ. 45ರೊಳಗೆ ಹಾಗಾದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕೆಂದೇ ವೈದ್ಯಶಾಸ್ತ್ರ ಹೇಳುತ್ತದೆ, ಏಕೆಂದರೆ ಅವರ ಮೂಳೆಗೂ ಹೃದಯಕ್ಕೂ ಸಿಗಬೇಕಾದ ರಕ್ಷಣೆ ಎಷ್ಟೋ ವರ್ಷ ಮೊದಲೇ ನಿಂತುಹೋಗಿರುತ್ತದೆ. ದೊಡ್ಡಮ್ಮನಿಗೆ ಆ ಚೀಟಿ ಸಿಕ್ಕಾಗ 48 ಆಗಿತ್ತು.

ನಿಮ್ಮ ಮನೆಯಲ್ಲಿ ಹೀಗೆ ಆಪರೇಷನ್ ಆದವರಿದ್ದರೆ ಸ್ತ್ರೀರೋಗ ತಜ್ಞರ ಬಳಿಗೆ ಹೋಗುವ ಮೊದಲು ಆ ಚೀಟಿಯನ್ನು ಹುಡುಕಿ ತೆಗೆಯಿರಿ. ಚಿಕಿತ್ಸೆ ಶುರುವಾದರೆ ಮೂರು ತಿಂಗಳಾದ ಮೇಲೆ ಒಮ್ಮೆ ಹೋಗಿ ಪ್ರಮಾಣ ಸರಿಯಿದೆಯೇ ಎಂದು ನೋಡಿಸಿಕೊಂಡು, ಆಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು. ಹೋಗುವಾಗಲೆಲ್ಲ ಚೀಟಿ ಜೊತೆಗಿರಲಿ.