ದಂತವೈದ್ಯರ ಕುತ್ತಿಗೆ, ಬೆನ್ನು ಮತ್ತು ಕೈ: ವೃತ್ತಿಜನ್ಯ ನೋವಿನ ಕುರಿತು

ಮಾನ್ಯ ಅಧ್ಯಕ್ಷರೇ, ವೃತ್ತಿಬಾಂಧವರೇ, ವಿದ್ಯಾರ್ಥಿ ಮಿತ್ರರೇ,

ದಂತವೈದ್ಯರು ಮೂಟೆ ಹೊರುವವರಲ್ಲ. ತಂಪಾದ ಕೋಣೆಯಲ್ಲಿ ಕುಳಿತು, ಹಗುರವಾದ ಉಪಕರಣಗಳನ್ನು ಹಿಡಿದು ಕೆಲಸ ಮಾಡುವವರು. ಆದರೂ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2009ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಈ ವೃತ್ತಿಯಲ್ಲಿರುವವರಲ್ಲಿ ಶೇ. 64ರಿಂದ 93ರಷ್ಟು ಮಂದಿಗೆ ಸ್ನಾಯು, ಮೂಳೆ ಅಥವಾ ಕೀಲುಗಳ ನೋವಿದೆ. ದಂತವೈದ್ಯರನ್ನು ಹೆಚ್ಚಾಗಿ ಕಾಡುವುದು ಕುತ್ತಿಗೆ ಮತ್ತು ಬೆನ್ನು.

ನಡೆಯುವಾಗ ಸ್ನಾಯು ಬಿಗಿಯುತ್ತದೆ, ಸಡಿಲಗೊಳ್ಳುತ್ತದೆ. ಸಡಿಲಗೊಂಡಾಗಲೆಲ್ಲ ಅದರೊಳಗೆ ರಕ್ತ ಸರಾಗವಾಗಿ ಹರಿಯುತ್ತದೆ. ರೂಟ್ ಕೆನಾಲ್ ಚಿಕಿತ್ಸೆ ಮಾಡುತ್ತ ಒಂದೇ ಭಂಗಿಯಲ್ಲಿ ಕುಳಿತವರಲ್ಲಾದರೋ, ಬಿಗಿದೇ ಇರುವ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮಿಕೊಂಡಿರುತ್ತದೆ. ತಲೆಯ ತೂಕ ಸುಮಾರು 5 ಕಿಲೋ. ತಲೆ ನೆಟ್ಟಗಿದ್ದಾಗ ಬೆನ್ನುಮೂಳೆ ಅದನ್ನು ಸಲೀಸಾಗಿ ಹೊರುತ್ತದೆ. ಮುಂದಕ್ಕೆ ಬಾಗಿದಷ್ಟೂ ಹೊರೆ ಹಿಂಗುತ್ತಿಗೆಯ ಸ್ನಾಯುಗಳ ಮೇಲೆ ಬೀಳುತ್ತ ಹೋಗುತ್ತದೆ.

ಹಾಗಾದರೆ ಬಾಗುವುದೇಕೆ? ಮೇಲ್ದವಡೆಯ ಕೊನೆಯ ಹಲ್ಲನ್ನೇ ನೋಡೋಣ. ಕುರ್ಚಿಯನ್ನು ಪೂರ್ತಿ ಮಲಗಿಸಿ, ರೋಗಿಯ ಗಲ್ಲವನ್ನು ಮೇಲೆತ್ತಿಸಿ, ತಲೆಯ ಹಿಂಬದಿಯಲ್ಲಿ, ಅಂದರೆ ಗಡಿಯಾರದ ಹನ್ನೆರಡು ಗಂಟೆಯ ಸ್ಥಾನದಲ್ಲಿ ಕುಳಿತು, ಆ ಹಲ್ಲನ್ನು ಕನ್ನಡಿಯಲ್ಲಿ ನೋಡುತ್ತ ಕೆಲಸ ಮಾಡಬೇಕೆಂದು ನಮಗೆಲ್ಲ ಪಾಠವಾಗಿದೆ. ಹಲ್ಲು ಕೊರೆಯುವ ಯಂತ್ರವಾದ ಏರೋಟರ್ ತಿರುಗಲಾರಂಭಿಸಿದೊಡನೆ ನೀರು ಚಿಮ್ಮಿ ಕನ್ನಡಿ ಮಸುಕಾಗುತ್ತದೆ. ಅದಕ್ಕೆ ಗಾಳಿ ಹಾಯಿಸಲು, ನೀರು ಹೀರಲು ಪಕ್ಕದಲ್ಲಿ ಇನ್ನೊಂದು ಜೊತೆ ಕೈ ಬೇಕು. ನಮ್ಮ ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ ಸಹಾಯಕಿಯೊಬ್ಬರೇ ಇದ್ದು, ಫೋನ್ ಎತ್ತುವುದು, ಚೀಟಿ ಬರೆಯುವುದು, ಉಪಕರಣಗಳನ್ನು ಹಬೆಯಿಂದ ಕ್ರಿಮಿಮುಕ್ತಗೊಳಿಸುವ ಆಟೋಕ್ಲೇವ್‌ಗೆ ಹಾಕುವುದು ಎಲ್ಲವೂ ಅವರ ಪಾಲಿಗೇ ಬಂದಿರುತ್ತದೆ. ಆಗ ವೈದ್ಯರು ಕನ್ನಡಿಯನ್ನು ಬದಿಗಿಟ್ಟು ಕುತ್ತಿಗೆಯನ್ನೇ ಬಾಗಿಸಿ, ತಿರುಚಿ, ಬಲ ಮೊಣಕೈಯನ್ನು ಹೆಗಲ ಮಟ್ಟಕ್ಕೆತ್ತಿ ನೇರವಾಗಿ ನೋಡತೊಡಗುತ್ತಾರೆ. ನನ್ನ ದೃಷ್ಟಿಯಲ್ಲಿ ಕುತ್ತಿಗೆ ನೋವಿನ ಚರ್ಚೆ ವ್ಯಾಯಾಮದಿಂದಲ್ಲ, ಈ ಸಹಾಯಕಿಯ ನೇಮಕದಿಂದ ಆರಂಭವಾಗಬೇಕು.

ಇದರ ಜೊತೆಗೆ ಸಂಕೋಚವೂ ಇದೆ. ವಯಸ್ಸಾದವರು 'ಮಲಗಿದರೆ ಉಸಿರು ಕಟ್ಟಿದ ಹಾಗಾಗುತ್ತದೆ ಡಾಕ್ಟ್ರೇ' ಎಂದರೆ ಕುರ್ಚಿ ಎತ್ತಲೇಬೇಕು, ಅದು ಸರಿ. ಆದರೆ ಯಾವ ತೊಂದರೆಯೂ ಇಲ್ಲದ ತರುಣನಿಗೂ 'ತಲೆ ಸ್ವಲ್ಪ ನನ್ನ ಕಡೆ ತಿರುಗಿಸಿ' ಎನ್ನಲು ನಾವು ಹಿಂಜರಿಯುತ್ತೇವೆ.

ಕೈಯ ವಿಷಯ ಚಿಕ್ಕದು. ಹಲ್ಲು ಕೆರೆಯುವ ಉಪಕರಣವಾದ ಸ್ಕೇಲರ್ ಮೊಂಡಾಗಿದ್ದರೆ ಹಲ್ಲಿಗಂಟಿದ ಗಾರೆ ತೆಗೆಯಲು ಹೆಚ್ಚು ಬಲ ಬೇಕು, ತೆಳು ಹಿಡಿಯನ್ನು ಹೆಚ್ಚು ಬಿಗಿಯಾಗಿ ಹಿಡಿಯಬೇಕು. ಎರಡರ ಪೆಟ್ಟೂ ಹೆಬ್ಬೆರಳಿನ ಬುಡಕ್ಕೆ ಮತ್ತು ಮಣಿಕಟ್ಟಿಗೆ. ದಪ್ಪ ಹಿಡಿಯ ಹಗುರ ಉಪಕರಣವನ್ನು ಆರಿಸಿಕೊಂಡು ಆಗಾಗ ಸಾಣೆ ಹಿಡಿದರೆ ಈ ಹೊರೆ ಗಣನೀಯವಾಗಿ ತಗ್ಗುತ್ತದೆ.

ಲೂಪ್ಸ್, ಅಂದರೆ ಹಲ್ಲನ್ನು ದೊಡ್ಡದಾಗಿ ತೋರಿಸುವ ಕನ್ನಡಕ, ಕೊಳ್ಳುವವರು ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದನ್ನಷ್ಟೇ ವಿಚಾರಿಸುತ್ತಾರೆ. ಮಸೂರ ಕೆಳಮುಖವಾಗಿ ಎಷ್ಟು ಓರೆಯಾಗಿದೆ, ನಿಮ್ಮ ಕಣ್ಣಿಗೂ ರೋಗಿಯ ಬಾಯಿಗೂ ಇರುವ ಅಂತರಕ್ಕೆ ಅದು ಹೊಂದುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಓರೆ ಸಾಲದ ಲೂಪ್ಸ್ ಇನ್ನಷ್ಟು ಬಾಗಿಸುತ್ತದೆ.

ಇಲ್ಲಿರುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಈ ಬಾಗಿದ ಭಂಗಿ ರೂಢಿಯಾಗುವುದು ರೋಗಿಯನ್ನು ಮುಟ್ಟುವ ಮೊದಲೇ, ಪ್ರಯೋಗಾಲಯದ ಮೇಜಿನ ಮೇಲಿಟ್ಟ ಕೃತಕ ದವಡೆಯ ಮುಂದೆ. ಕೊರೆದ ಹಲ್ಲಿಗೆ ಅಂಕ ಕೊಡುವಾಗ, ಕೊರೆಯುತ್ತ ವಿದ್ಯಾರ್ಥಿ ಹೇಗೆ ಕುಳಿತಿದ್ದ ಎಂಬುದಕ್ಕೂ ಒಂದಿಷ್ಟು ಅಂಕ ಮೀಸಲಿಡಿ.