ಒಂದೇ ಮಳೆಗೆ ನೆನೆಯುವ ದುಡ್ಡು

ಎಲ್ಲರಿಗೂ ನಮಸ್ಕಾರ. ನಿಮ್ಮ ಕಡೆ ಕಾಫಿ ಹೂ ಅರಳಿಸುವ ಹೂಮಳೆ ಬಿತ್ತಾ? ನಮ್ಮ ಕೊಡಗಿನ ಸುಂಟಿಕೊಪ್ಪದಲ್ಲಿ ಅರ್ಧ ತೋಟಕ್ಕೆ ಬಿದ್ದಿದೆ, ಇನ್ನರ್ಧಕ್ಕೆ ಇಲ್ಲ. ಬೆಳಿಗ್ಗೆಯಿಂದ ಅಪ್ಪನ ಫೋನೆಲ್ಲ ಅದೇ ವಿಷಯ.

ಯಾವ ಶೇರು ತಗೋಬೇಕು ಅಂತ ಕೇಳಿಕೊಂಡು ಹೋಗೋಣ ಎಂದು ಬಂದವರಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಅದನ್ನು ನಾನು ಹೇಳುವುದಿಲ್ಲ. ದುಡ್ಡು ತಗೊಂಡು ಅಂಥ ಸಲಹೆ ಕೊಡಲು ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನೋಂದಣಿ ಬೇಕು, ನನಗಿಲ್ಲ. ಪುಕ್ಕಟೆಯಾಗಿ ಹೇಳುವವರು ಮಡಿಕೇರಿಯ ಪ್ರತಿ ಟೀ ಅಂಗಡಿಯಲ್ಲೂ ಇದ್ದಾರೆ. ದುಡ್ಡನ್ನು ಹಂಚಿ ಹೂಡುವುದು ಅಂದರೇನು, ಯೂನಿವರ್ಸಿಟಿಯಲ್ಲಿ ಈ ವಿಷಯ ಓದಿ ನನಗೆ ಏನು ಹತ್ತಿತು, ಅಷ್ಟೇ ಇವತ್ತಿನ ಮಾತು.

ಎಂಬಿಎ ಮೊದಲ ವರ್ಷದ ಅಸೈನ್‌ಮೆಂಟ್: ಒಂದು ಲಕ್ಷ ರೂಪಾಯಿ ಇದೆ ಅಂತಿಟ್ಟುಕೊಂಡು ಹತ್ತು ಕಂಪನಿಗಳಿಗೆ ಹಂಚಿ. ನಾನು ರಾತ್ರಿಯೆಲ್ಲ ಕೂತು ಆರಿಸಿದೆ. ನಾಲ್ಕು ಬ್ಯಾಂಕು, ಮೂರು ಮನೆಸಾಲದ ಕಂಪನಿ, ಎರಡು ವಾಹನಸಾಲದವು, ಒಂದು ಚಿನ್ನದ ಮೇಲೆ ಸಾಲ ಕೊಡುವುದು. ಹತ್ತಕ್ಕೆ ಮೂರು ಅಂಕ ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಮಾತು: ‘ಬಡ್ಡಿ ಏರಿದರೆ?’ ನನಗೆ ಸಿಟ್ಟು ಬಂದಿತ್ತು. ಹತ್ತು ಕೇಳಿದರು, ಹತ್ತು ಕೊಟ್ಟಿದ್ದೇನೆ, ಅಲ್ವಾ?

ಆ ಕೆಂಪು ಶಾಯಿಯ ಹಿಂದೆ ಹ್ಯಾರಿ ಮಾರ್ಕೊವಿಟ್ಜ್ ಇದ್ದರು. 1952ರಲ್ಲಿ ಶಿಕಾಗೋದ ಈ ಹುಡುಗ, ಇನ್ನೂ ಪಿಎಚ್‌ಡಿ ಮುಗಿದಿರಲಿಲ್ಲ, ಒಂದು ಚಿಕ್ಕ ಲೇಖನ ಬರೆದ. ಒಂದೊಂದು ಶೇರನ್ನೂ ಬೇರೆಬೇರೆಯಾಗಿ ನೋಡಿದರೆ ಸಾಲದು, ಒಂದು ಬಿದ್ದಾಗ ಇನ್ನೊಂದು ಏನು ಮಾಡುತ್ತದೆ ಅಂತ ನೋಡಬೇಕು ಎಂದ. ಅವನ ಪಿಎಚ್‌ಡಿ ಪರೀಕ್ಷೆಯಲ್ಲಿ ಹೆಸರಾಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರು ಇದು ಅರ್ಥಶಾಸ್ತ್ರವೇ ಅಲ್ಲ ಅಂತ ತಕರಾರು ತೆಗೆದಿದ್ದರಂತೆ. 1990ರಲ್ಲಿ ಮಾರ್ಕೊವಿಟ್ಜ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇದೇ ಕೆಲಸಕ್ಕೆ!

ಲೆಕ್ಕ ಸುಲಭ. ಎರಡು ಹೂಡಿಕೆ, ಎರಡರ ಏರಿಳಿತವೂ ಶೇಕಡ 20. ದುಡ್ಡು ಅರ್ಧ ಅರ್ಧ ಹಾಕಿದ್ದೀರಿ. ಎರಡೂ ಕೈ ಹಿಡಿದುಕೊಂಡು ಏರಿ ಇಳಿದರೆ ನಿಮ್ಮ ಒಟ್ಟು ಏರಿಳಿತ 20ರಲ್ಲೇ ನಿಲ್ಲುತ್ತದೆ, ಹಂಚಿದ್ದು ದಂಡ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಸುಮಾರು 14ಕ್ಕೆ ಇಳಿಯುತ್ತದೆ. ಪೂರ್ತಿ ಉಲ್ಟಾ ನಡೆದರೆ ಸೊನ್ನೆ, ಆದರೆ ಅಂಥ ಜೋಡಿ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ಈ ನಂಟಿಗೆ ಕೋರಿಲೇಷನ್ ಅಂತ ಹೆಸರು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬನ್ನಿ. ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮೇಲೆ ಹಬ್ಬಿಸಿದ ಕರಿಮೆಣಸು, ಸ್ವಲ್ಪ ಗದ್ದೆ, ಎರಡು ಕೋಣೆಯ ಹೋಂಸ್ಟೇ. ಒಂದು ಕೈಕೊಟ್ಟರೆ ಇನ್ನೊಂದು ಇದೆ ಅಂತ ಅಪ್ಪನ ಧೈರ್ಯ. 2018ರ ಆಗಸ್ಟ್ ನಿಮಗೆ ನೆನಪಿದೆ. ಗುಡ್ಡಗಳು ಕುಸಿದು ಊರುಗಳೇ ಹೋದ ವರ್ಷದಲ್ಲಿ ನಮ್ಮದು ದೊಡ್ಡ ನಷ್ಟ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಲೆಕ್ಕಕ್ಕಾಗಿ ಹೇಳುತ್ತೇನೆ: ಕಾಫಿ ಕಾಯಿ ಉದುರಿತು, ಮೆಣಸಿನ ಬಳ್ಳಿ ಸೊರಗಿತು, ಗದ್ದೆಯಲ್ಲಿ ಮಣ್ಣು ಕೂತಿತು, ಹೋಂಸ್ಟೇಗೆ ಜನವೇ ಬರಲಿಲ್ಲ. ನಾಲ್ಕು ಆದಾಯ, ಒಂದೇ ಮಳೆ. ನನ್ನ ಹತ್ತು ಸಾಲದ ಕಂಪನಿಗಳ ಕಥೆಯೂ ಇದೇ, ಅಲ್ಲಿ ಮಳೆಯ ಜಾಗದಲ್ಲಿ ಬಡ್ಡಿ, ಅಂತ ಆಗ ಹೊಳೆಯಿತು.

ಬೆಳೆಯದ್ದಾಯಿತು, ರೇಟಾದರೂ ಬೇರೆಬೇರೆಯಾ? ನಮ್ಮ ರೊಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ರೇಟು ಲಂಡನ್ ಮಾರುಕಟ್ಟೆ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ಅರೇಬಿಕಾ ಇದ್ದವರು ನ್ಯೂಯಾರ್ಕ್ ನೋಡುತ್ತಾರೆ. ಮೆಣಸು ಇವೆರಡಕ್ಕೂ ಸಂಬಂಧವಿಲ್ಲದ ಸರಕು ಅಂತ ನಾನು ಸೆಮಿನಾರಿನಲ್ಲಿ ಜೋರಾಗಿ ಹೇಳಿ ಕೂತೆ. ಆಮೇಲೆ ಗೊತ್ತಾಯಿತು, ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವುದೂ ವಿಯೆಟ್ನಾಂ, ಅತಿ ಹೆಚ್ಚು ಮೆಣಸು ಬೆಳೆಯುವುದೂ ವಿಯೆಟ್ನಾಂ. ಅಲ್ಲಿನ ಒಂದು ಬರಗಾಲ ಎರಡರ ರೇಟನ್ನೂ ಅಲ್ಲಾಡಿಸಬಹುದು. ನಂಟು ಪೂರ್ತಿ ಇದೆ ಅಂತಲ್ಲ, ಸೊನ್ನೆಯಂತೂ ಅಲ್ಲ. 1990ರ ದಶಕಕ್ಕೆ ಮುಂಚೆ, ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದ್ದನ್ನೂ ಸೇರಿಸಿ ಮಾರುವ ರಾಶಿಗೆ, ಹಾಕುತ್ತಿದ್ದ ಕಾಲದ ನಮ್ಮ ಅಜ್ಜನಿಗೆ ಈ ತಲೆನೋವು ಇರಲಿಲ್ಲ. ಬೇರೆ ತಲೆನೋವು ಇತ್ತು ಬಿಡಿ, ದುಡ್ಡು ಕಂತುಕಂತಾಗಿ ಯಾವಾಗಲೋ ಬರುತ್ತಿತ್ತು.

ಸಿಲೆಬಸ್‌ನ ಉಳಿದದ್ದು ಬೇಗ ಹೇಳುತ್ತೇನೆ. ನೂರು ಶೇರುಗಳಿದ್ದರೆ ನೋಡಬೇಕಾದ ಜೋಡಿಗಳು 4,950. ಅಷ್ಟು ಲೆಕ್ಕ ಅಂದಿನ ಕಂಪ್ಯೂಟರಿಗೂ ಭಾರ. 1963ರಲ್ಲಿ ವಿಲಿಯಂ ಶಾರ್ಪ್ ಅನ್ನುವ ಅರ್ಥಶಾಸ್ತ್ರಜ್ಞ ಒಂದು ಅಡ್ಡದಾರಿ ಕಂಡುಹಿಡಿದರು: ಪ್ರತಿ ಶೇರಿಗೂ ಮಾರುಕಟ್ಟೆಗೂ ಇರುವ ನಂಟನ್ನು ಮಾತ್ರ ನೋಡಿ. ಆ ನಂಟಿನ ಅಳತೆಗೆ ಬೀಟಾ ಅನ್ನುವ ಮಾತು ಅಲ್ಲಿಂದಲೇ ಓಡಾಡತೊಡಗಿತು. ಬಾಂಡ್ (ಬಡ್ಡಿ ಕೊಡುವ ಸಾಲಪತ್ರ) ಪಾಠ ಬೋರ್ ಹೊಡೆಸುತ್ತದೆ, ಆದರೂ ಬಿಡಬೇಡಿ. ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಯಾಕೆ ಇಳಿಯುತ್ತದೆ ಅಂತ ಹೇಳಲಾಗದವರು ಇಂಟರ್‌ವ್ಯೂನಲ್ಲಿ ಅಲ್ಲೇ ಸಿಕ್ಕಿಬೀಳುತ್ತಾರೆ. ಸ್ಟ್ಯಾಟಿಸ್ಟಿಕ್ಸ್‌ಗೆ ಹೆದರಿ ಈ ಕೋರ್ಸ್ ಬಿಡುವವರು ಜಾಸ್ತಿ. ಎಕ್ಸೆಲ್ ಬಂದರೆ ಮುಕ್ಕಾಲು ಕೆಲಸ ಮುಗಿಯಿತು.

ಒಂದು ತಕರಾರು ನನ್ನದೂ ಇದೆ. ಈ ನಂಟುಗಳನ್ನೆಲ್ಲ ಹಳೆಯ ರೇಟಿನಿಂದ ಲೆಕ್ಕ ಹಾಕುತ್ತೇವೆ. ಕೆಟ್ಟ ಕಾಲದಲ್ಲಿ ನಂಟೇ ಬದಲಾಗುತ್ತದೆ. 2008ರಲ್ಲಿ ದೇಶ ದೇಶದ ಶೇರುಗಳು ಒಟ್ಟಿಗೇ ಬಿದ್ದವು, ಹಂಚಿದವರೂ ಅತ್ತರು. ಮಾರ್ಕೊವಿಟ್ಜ್ ಸಾಹೇಬರೇ ತಮ್ಮ ನಿವೃತ್ತಿಯ ಉಳಿತಾಯಕ್ಕೆ ಆ ಸೂತ್ರ ಹಾಕಲಿಲ್ಲ, ಸುಮ್ನೆ ಅರ್ಧ ಶೇರು, ಅರ್ಧ ಬಾಂಡ್ ಅಂತ ಮಾಡಿದ್ದೆ ಎಂದು ಹೇಳಿಕೊಂಡಿದ್ದಾರೆ. ಮುಂದೆ ಕೊರಗುವುದು ಬೇಡ ಅಂತ. ನನಗೆ ಅವರು ಇಷ್ಟವಾದದ್ದು ಅದಕ್ಕೇ.

ಅಪ್ಪನಿಗೆ ಈ ಲೆಕ್ಕವನ್ನೆಲ್ಲ ಕಣದಲ್ಲಿ ಕೂತು ವಿವರಿಸಿದೆ. ‘ಹಾಗಾದ್ರೆ ತೋಟ ಮಾರ್ಬೇಕಾ?’ ಅಂದರು. ಬೇಡ ಅಂದೆ, ಹಿಂದಿನ ವರ್ಷದ ಉಳಿಕೆಯಲ್ಲಿ ಇನ್ನೆರಡು ಎಕರೆ ತೋಟ ತಗೋಬೇಡಿ ಅಷ್ಟೇ, ಅದನ್ನು ಕೊಡಗಿನ ಮಳೆ ತಾಗದ ಕಡೆ ಇಡಿ. ಸ್ವಲ್ಪ ಎಫ್‌ಡಿ, ಸ್ವಲ್ಪ ಇಂಡೆಕ್ಸ್ ಫಂಡ್, ಅಂದರೆ ಸೂಚ್ಯಂಕದ ಶೇರುಗಳನ್ನೆಲ್ಲ ಒಟ್ಟಿಗೆ ಕೊಳ್ಳುವ ಫಂಡ್. ಎಫ್‌ಡಿಗೆ ಒಪ್ಪಿದರು. ಫಂಡಿನ ಫಾರಂ ಮೂರು ತಿಂಗಳು ರೇಡಿಯೋ ಕೆಳಗೆ ಬಿದ್ದಿತ್ತು, ಮೆಣಸು ಮಾರಿದ ದಿನ ಸಹಿ ಹಾಕಿದರು.

ನಿಮ್ಮ ಮನೆಯ ಆದಾಯಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಅದು ಯಾವುದಕ್ಕೆ ಹೆದರುತ್ತದೆ ಅಂತ ಬರೆಯಿರಿ. ಹತ್ತು ನಿಮಿಷ ಸಾಕು. ಆಮೇಲೆ ಅದನ್ನೇ ಹಿಡಿದು ಪ್ರಶ್ನೆಗಳಿಗೆ ಹೋಗೋಣ, ಕಾಫಿ ಬಂದಿದೆಯಂತೆ.