ಮೊದಲು ಮಾತೆತ್ತಬೇಕಾದವರು

ಕೇಳುಗರೇ, ಅಮೆರಿಕದ ಯಾವುದೋ ಊರಿನ ಆಪ್ತಸಮಾಲೋಚನೆಯ ಕೋಣೆಯೊಂದನ್ನು ಕಲ್ಪಿಸಿಕೊಳ್ಳಿ. ಸಮಾಲೋಚಕಿ ಬಿಳಿಯ ಹೆಂಗಸು. ಎದುರಿಗೆ ಕುಳಿತವಳು ಕಪ್ಪುವರ್ಣದ ತರುಣಿ. “ಅಂಗಡಿಗೆ ಹೋದರೆ ಕಾವಲುಗಾರ ನನ್ನ ಹಿಂದೆಯೇ ಸುತ್ತುತ್ತಾನೆ” ಎನ್ನುತ್ತಾಳೆ ತರುಣಿ. “ಅವನು ಎಲ್ಲರನ್ನೂ ಹಾಗೆಯೇ ಗಮನಿಸುತ್ತಾನೇನೋ” ಎಂದು ಸಮಾಲೋಚಕಿ ಸಮಾಧಾನ ಹೇಳುತ್ತಾಳೆ. “ಇರಬಹುದು” ಎಂದ ತರುಣಿ, ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ರಾತ್ರಿ ನಿದ್ದೆ ಬಾರದಿರುವ ವಿಷಯಕ್ಕೆ ಹೊರಳುತ್ತಾಳೆ. ಕಾವಲುಗಾರನ ಮಾತು ಅಂದು ಮತ್ತೆ ಬರುವುದಿಲ್ಲ.

ಅವಳು ಹಾಗೆ ಬಾಯಿ ಕಟ್ಟಿಕೊಳ್ಳುವುದಕ್ಕೆ ಹಳೆಯ ಕಾರಣಗಳಿವೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಒಡೆಯರಿಂದ ತಪ್ಪಿಸಿಕೊಂಡು ಓಡುವ ಗುಲಾಮರಿಗೆ ಮನೋರೋಗವಿದೆಯೆಂದು ಬರೆದು, ಅದಕ್ಕೆ ‘ಡ್ರೇಪೆಟೊಮೇನಿಯಾ’ ಎಂದು ಹೆಸರಿಟ್ಟು, ಚಾಟಿಯೇಟನ್ನೂ ಮದ್ದೆಂದು ಸೂಚಿಸಿದ. ಬಿಡುಗಡೆಯ ಹಂಬಲವನ್ನೇ ಕಾಯಿಲೆ ಎಂದು ಕರೆದದ್ದನ್ನು ಓದಿದಾಗ ಇಂದಿಗೂ ಮನಸ್ಸು ಕುದಿಯುತ್ತದೆ. 1968ರಲ್ಲಿ ಕಪ್ಪುವರ್ಣದ ಮನಶ್ಶಾಸ್ತ್ರಜ್ಞರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಮುಖ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಜನಾಂಗಭೇದದಲ್ಲಿ ತನಗಿದ್ದ ಪಾಲಿಗಾಗಿ ವಿಧ್ಯುಕ್ತವಾಗಿ ಕ್ಷಮೆ ಕೇಳಿದ್ದು 2021ರಲ್ಲಿ.

ಆದ್ದರಿಂದ ಜನಾಂಗದ, ಬಣ್ಣದ ಮಾತನ್ನು ಎತ್ತುವ ಹೊಣೆ ನೋವುಂಡು ಬಂದವರದಲ್ಲ, ಸಮಾಲೋಚಕರದು ಎಂದು ನಾನು ದೃಢವಾಗಿ ನಂಬುತ್ತೇನೆ. ಅಮೆರಿಕದ ಆಪ್ತಸಮಾಲೋಚನಾ ವಿದ್ವಾಂಸೆ ನಾರ್ಮಾ ಡೇ-ವೈನ್ಸ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಲೇಖನವೊಂದು, ಜನಾಂಗದ ವಿಷಯವನ್ನು ಸಮಾಲೋಚಕರು ತಾವಾಗಿಯೇ ಪ್ರಸ್ತಾಪಿಸುವುದನ್ನು ವೃತ್ತಿಯ ಒಂದು ಕೌಶಲವೆಂದೇ ವಿವರಿಸಿತು. “ನಾನು ಬಿಳಿಯಳು, ನನ್ನ ಮುಂದೆ ಇದನ್ನೆಲ್ಲ ಹೇಳಿಕೊಳ್ಳುವುದು ನಿಮಗೆ ಹೇಗೆನಿಸುತ್ತದೆ?” ಎಂದು ಕೇಳುವುದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ, ಆದರೆ ಬರುವ ಉತ್ತರ ಕಹಿಯಾಗಿದ್ದರೂ ತನ್ನನ್ನು ಸಮರ್ಥಿಸಿಕೊಳ್ಳದೆ ಕೇಳಿಸಿಕೊಳ್ಳುವ ತಾಳ್ಮೆ ಬೇಕು. ಬಂದವರ ದುಃಖವೆಲ್ಲ ಬಣ್ಣದಿಂದಲೇ ಹುಟ್ಟಿದ್ದೆಂದು ತೀರ್ಮಾನಿಸುವುದೂ ತಪ್ಪೇ. ತಂದೆ ತೀರಿಕೊಂಡ ಸಂಕಟವನ್ನು ಹೇಳಲು ಬಂದವರಿಗೆ ಮೊದಲು ಆ ಸಂಕಟದ ಮಾತೇ ನಡೆಯಬೇಕು. “ಈಗ ಬೇಡ” ಎಂದವರನ್ನು ಒತ್ತಾಯಿಸದೆ, ಮುಂದೆಂದಾದರೂ ಹೇಳಬಹುದೆಂದು ತಿಳಿಸಿದರೆ ಸಾಕು.

ಆಡಿದ ಮಾತು ತಪ್ಪಾಗಿದ್ದರೆ ತಿದ್ದಿಕೊಳ್ಳುವುದಕ್ಕೆ ಮುಂದಿನ ಭೇಟಿ ಇದ್ದೇ ಇರುತ್ತದೆ, ಆ ತರುಣಿ ಮತ್ತೆ ಬಂದರೆ. ಆಗ ಅವಳು ಕುಳಿತುಕೊಂಡ ಮೇಲೆ, ನಿದ್ದೆಯ ವಿಚಾರಕ್ಕೆ ಹೋಗುವ ಮೊದಲು, ಸಮಾಲೋಚಕಿ ಹೀಗೆ ಹೇಳಬಹುದು: “ಹೋದ ವಾರ ನೀವು ಕಾವಲುಗಾರನ ವಿಷಯ ಹೇಳಿದಿರಿ. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಹೇಳುತ್ತೀರಾ?”